ಎಡಿಎಸ್1115: ದ್ರಾಕ್ಷಿ ತೋಟದ ಪ್ಯಾನೆಲ್‌ಗಳಲ್ಲಿ ಕೆಲವು ವರ್ಷ ಬಳಸಿದ ಮೇಲೆ

ವಿಜಯಪುರ, ತಿಕೋಟಾ ಕಡೆಯ ದ್ರಾಕ್ಷಿ ತೋಟಗಳಿಗೆ ಡ್ರಿಪ್ ಪ್ಯಾನೆಲ್ ಮಾಡಿಕೊಡುತ್ತೇನೆ. ಫಿಲ್ಟರ್‌ಗೆ ನೀರು ಹೋಗುವ ಕಡೆ ಒಂದು, ಹೊರಬರುವ ಕಡೆ ಒಂದು ಪ್ರೆಶರ್ ಸೆನ್ಸರ್ ಇರುತ್ತದೆ. ಎರಡರ ನಡುವೆ ಅಂತರ ಜಾಸ್ತಿಯಾದರೆ ಫಿಲ್ಟರ್ ಕಟ್ಟಿಕೊಂಡಿದೆ ಎಂದು ಗೊತ್ತಾಗುತ್ತದೆ. ಇವನ್ನು ಓದಲು ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಎಡಿಎಸ್1115 ಚಿಪ್ ಹಾಕುತ್ತೇನೆ; ಇದು 16 ಬಿಟ್ ಎಡಿಸಿ, ಅಂದರೆ ವೋಲ್ಟೇಜನ್ನು ಅಂಕಿಯಾಗಿ ಬದಲಿಸುವ ಚಿಪ್. ಪ್ಯಾನೆಲ್ ನಡೆಸುವ ಮೈಕ್ರೋಕಂಟ್ರೋಲರ್ ಇಎಸ್‌ಪಿ32 ಒಳಗೇ ಎಡಿಸಿ ಇದೆ ನಿಜ, ಆದರೆ ಅದರ ಲೆಕ್ಕ ನೇರ ಗೆರೆಯಲ್ಲಿ ಹೋಗುವುದಿಲ್ಲ.

ನನ್ನ ಸರ್ಕ್ಯೂಟ್ ಸರಳ. ಒತ್ತಡಕ್ಕೆ ತಕ್ಕಂತೆ ಸೆನ್ಸರ್ ಕಳಿಸುವ 4–20 ಮಿಲಿಆಂಪ್ ಕರೆಂಟ್ 100 ಓಮ್ ರೆಸಿಸ್ಟರ್ ಮೂಲಕ ಹರಿದರೆ 0.4ರಿಂದ 2 ವೋಲ್ಟ್ ಸಿಗುತ್ತದೆ. ಚಿಪ್‌ನ 2.048 ವೋಲ್ಟ್ ರೇಂಜ್‌ಗೆ ಇದು ಸರಿಯಾಗಿ ಕೂರುತ್ತದೆ. ಚಿಪ್ ಕೊಡುವ ಅಂಕಿ 4 ಮಿಲಿಆಂಪ್‌ಗೆ 6400, 20ಕ್ಕೆ 32000. ವೈರ್ ಕತ್ತರಿಸಿದರೆ ಸೊನ್ನೆಯ ಹತ್ತಿರ ಬೀಳುತ್ತದೆ, ತಕ್ಷಣ ತಿಳಿಯುತ್ತದೆ.

ಆದರೆ 16 ಬಿಟ್ ನೋಡಿ ಮರುಳಾಗಬೇಡಿ. ಗ್ರೌಂಡ್‌ಗೆ ಹೋಲಿಸಿ ಓದುವಾಗ ನಿಮಗೆ ಸಿಗುವುದು 15 ಬಿಟ್ ಮಾತ್ರ. ಅದೂ ಬೇಕಾದಷ್ಟಾಯಿತು. ನಿಖರತೆ ಹಾಳಾಗುವುದು ಚಿಪ್‌ನ ಹೊರಗೆ. ನಮ್ಮ ಬೇಸಿಗೆಯಲ್ಲಿ ಮುಚ್ಚಿದ ಪ್ಯಾನೆಲ್ ಒಳಗೆ ಕೈ ಇಡಲಾಗದಷ್ಟು ಬಿಸಿ. 100 ಪಿಪಿಎಂ (ಪ್ರತಿ ಡಿಗ್ರಿಗೆ ಹತ್ತು ಲಕ್ಷದಲ್ಲಿ 100 ಭಾಗ ಬದಲಾಗುವ) ರೆಸಿಸ್ಟರ್ 25 ಡಿಗ್ರಿ ಏರಿದರೆ ಕಾಲು ಪರ್ಸೆಂಟ್ ತಪ್ಪಬಹುದು. ಅದಕ್ಕೇ ಶೇ 0.1ರ, 25 ಪಿಪಿಎಂ ರೆಸಿಸ್ಟರನ್ನೇ ಹಾಕಿ. ಇಲ್ಲಿ ಚೌಕಾಸಿ ಬೇಡ.

ಪಂಪ್‌ಹೌಸಿನ ಸ್ಟಾರ್ಟರ್ ಪಕ್ಕದಲ್ಲಿದ್ದರೆ ರೈತರು ಕೇಳುವುದು ಒಂದೇ: "ನಂಬರ್ ಯಾಕ್ರೀ ಹಿಂಗ ಕುಣ್ಯಾಕತ್ತಾವ?" ಪ್ರತಿ ಇನ್‌ಪುಟ್‌ಗೆ 1 ಕಿಲೋ ಓಮ್ ರೆಸಿಸ್ಟರ್, 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದರೆ 16 ಹರ್ಟ್ಸ್‌ನಿಂದ ಮೇಲಿನ ಗದ್ದಲ ತಗ್ಗುತ್ತದೆ. ಚಿಪ್‌ನ ವೇಗ ಸೆಕೆಂಡಿಗೆ 8 ಸ್ಯಾಂಪಲ್‌ಗೆ ಇಳಿಸಿದರೆ ಇನ್ನೂ ನೆಮ್ಮದಿ. ನೀರಿನ ಒತ್ತಡಕ್ಕೆ ಅದಕ್ಕಿಂತ ವೇಗ ಏಕೆ ಬೇಕು, ಅಲ್ವಾ? ಶೀಲ್ಡ್ ವೈರಿನ ಶೀಲ್ಡನ್ನು ಒಂದೇ ತುದಿಯಲ್ಲಿ ಗ್ರೌಂಡ್ ಮಾಡಿ. ಚಿಪ್ ಮತ್ತು ಇಎಸ್‌ಪಿ32 ನಡುವಿನ ಐ2ಸಿ ವೈರ್‌ಗಳು ಮಾತ್ರ ಗೇಣುದ್ದ ಮೀರಬಾರದು. ದೂರದ ಓಟ 4–20ಕ್ಕೇ ಬಿಡಿ.

ಚಿಪ್‌ನ ಅತಿ ದೊಡ್ಡ ರೇಂಜ್ 6.144 ವೋಲ್ಟ್ ಎಂದು ಬರೆದಿದ್ದರೂ ಇನ್‌ಪುಟ್‌ಗೆ ಅಷ್ಟು ಕೊಡುವಂತಿಲ್ಲ. ಸಪ್ಲೈಗಿಂತ 0.3 ವೋಲ್ಟ್ ಮೀರಿದರೆ ಚಿಪ್‌ಗೆ ಅಪಾಯ.

ಅಡ್ರೆಸ್ ಪಿನ್ ನಾಲ್ಕು ರೀತಿ ಕಟ್ಟಬಹುದು, ಹಾಗಾಗಿ ತಲಾ 4 ಚಾನೆಲ್‌ನ ನಾಲ್ಕು ಚಿಪ್ ಸೇರಿಸಿ ಎರಡೇ ವೈರ್‌ನಲ್ಲಿ 16 ಚಾನೆಲ್. ದೊಡ್ಡ ತೋಟಕ್ಕೆ ಇದು ವರದಾನ. ಆದರೆ ಪ್ರತಿ ಚಿಪ್‌ನ ಒಳಗಿರುವ ಎಡಿಸಿ ಒಂದೇ. ಚಾನೆಲ್ ಬದಲಿಸಿದ ಮೇಲೆ ಹೊಸ ಓದು ಮುಗಿಯುವವರೆಗೆ ಕಾಯಬೇಕು. ಗರಿಷ್ಠ ವೇಗ ಸೆಕೆಂಡಿಗೆ 860 ಸ್ಯಾಂಪಲ್, ಆದ್ದರಿಂದ ಮೋಟಾರಿನ ಕಂಪನ ಅಳೆಯಬೇಕೆಂದರೆ ಬೇರೆ ಚಿಪ್ ನೋಡಿ.