ಅಟ್ಟಕ್ಕೆ ಡಾರ್ಮರ್ ಬೇಕಾ, ಚಾವಣಿ ಕಿಟಕಿ ಸಾಕಾ?

ಲಂಡನ್ ಕಡೆ ಹಳೇ ಸಾಲುಮನೆ ಕೊಂಡವರು ಅಟ್ಟವನ್ನು ಕೋಣೆ ಮಾಡಿಸಲು ಹೊರಟರೆ ಮೊದಲು ಎದುರಾಗೋ ಪ್ರಶ್ನೆ ಇದು. ಡಾರ್ಮರ್ ಅನ್ನೋ ಕಿಟಕಿಗೂಡು ಇಳಿಜಾರು ಚಾವಣಿಯಿಂದ ಹೊರಗೆ ಚಾಚಿ ನೆಟ್ಟಗೆ ನಿಲ್ಲುತ್ತದೆ. ಅದಕ್ಕೆ ತನ್ನದೇ ಪುಟ್ಟ ಸೂರು, ಪಕ್ಕದ ಗೋಡೆ ಎಲ್ಲ ಇರುತ್ತವೆ. ಚಾವಣಿ ಕಿಟಕಿ ಹೆಂಚಿನ ಇಳಿಜಾರಿನಲ್ಲೇ ಮಲಗಿರುತ್ತದೆ. ತಮಾಷೆ ಅಂದರೆ, ಮಲಗುವ ಕೋಣೆ ಅನ್ನೋ ಹಳೇ ಫ್ರೆಂಚ್ ಪದದಿಂದ ಹೆಸರು ಬಂದಿರೋದು ನಿಂತಿರೋ ಡಾರ್ಮರಿಗೆ! 16ನೇ ಶತಮಾನದಲ್ಲಿ ಅದು ಇಂಗ್ಲಿಷಿಗೆ ಸೇರಿತು.

ಬೆಳಕಷ್ಟೇ ಸಾಕು ಅಂದರೆ ಚಾವಣಿ ಕಿಟಕಿ ಹಾಕಿಸಿ. ಖರ್ಚು ಕಮ್ಮಿ, ಆಕಾಶಕ್ಕೆ ಮುಖ ಮಾಡಿರುವುದರಿಂದ ಅದೇ ಅಳತೆಯ ಡಾರ್ಮರ್ ಕಿಟಕಿಗಿಂತ ಬೆಳಕೂ ಜಾಸ್ತಿ. ಬೇಸಿಗೆಯಲ್ಲಿ ಸೆಕೆಯೂ ಜಾಸ್ತಿ, ಮಳೆ ಬಂದರೆ ಗಾಜಿನ ಮೇಲೆ ಪಟಪಟ ಸದ್ದು. ಪರದೆ ಬೇಕೇ ಬೇಕು.

ಡಾರ್ಮರ್ ಕೊಡೋದು ಮುಖ್ಯವಾಗಿ ತಲೆಯೆತ್ತಿ ನಿಲ್ಲೋ ಜಾಗ. ಬೀರು, ಮೇಜು ಗೋಡೆಗೆ ಒತ್ತಿ ಇಡಬಹುದು, ಮೆಟ್ಟಿಲ ತುದಿಯಲ್ಲಿ ಹಣೆ ಬಡಿಯಲ್ಲ. ಆದರೆ ಚಾವಣಿ ಕತ್ತರಿಸಬೇಕು, ದುಡ್ಡೂ ಹೆಚ್ಚು, ಪಕ್ಕದ ಸಂದಿಗೆ ಹೊದಿಸೋ ಸೀಸದ ತಗಡು ಸರಿಯಾಗಿ ಕೂರದಿದ್ದರೆ ಸೋರೋದು ಅಲ್ಲೇ.

ಇಂಗ್ಲೆಂಡಿನಲ್ಲಿ ಸಾಲುಮನೆಗೆ 40, ಒಂಟಿ ಅಥವಾ ಜೋಡಿಮನೆಗೆ 50 ಘನ ಮೀಟರ್‌ವರೆಗೆ ಚಾವಣಿ ಹಿಗ್ಗಿಸಲು ಸಾಮಾನ್ಯವಾಗಿ ಬೇರೆ ಪ್ಲಾನಿಂಗ್ ಅನುಮತಿ ಬೇಡ. ರಸ್ತೆ ಕಡೆ ಚಾಚಿದರೆ ಬೇಕು, ಅದಕ್ಕೇ ಎಲ್ಲರೂ ಹಿಂದುಗಡೆ ಕಟ್ಟಿಸೋದು. ಸಂರಕ್ಷಿತ ಪ್ರದೇಶದಲ್ಲಿ ನಿಯಮ ಇನ್ನೂ ಬಿಗಿ.

ನನ್ನ ಲೆಕ್ಕ ಇಷ್ಟೇ: ಅಟ್ಟದ ನಡುವೆ ಆರಾಮಾಗಿ ಓಡಾಡೋಕೆ ಆಗುತ್ತಾ? ಹಾಗಿದ್ದರೆ ಸುಮ್ನೆ ಎರಡು ಚಾವಣಿ ಕಿಟಕಿ ಸಾಕು. ನಡುವಿನಿಂದ ಸ್ವಲ್ಪ ಪಕ್ಕಕ್ಕೆ ಸರಿದರೂ ಬಗ್ಗಬೇಕು ಅಂದರೆ ಹಿಂದುಗಡೆ ಡಾರ್ಮರ್ ಕಟ್ಟಿಸಿ.