ಸಂಚಾರಿ ತಾರಾಲಯದಲ್ಲಿ ಶ್ವೇತ ಕುಬ್ಜದ ಕುಸಿತ: ಚಿಕ್ಕಬಳ್ಳಾಪುರದ ಒಂದು ಪ್ರದರ್ಶನ

ಚಿಕ್ಕಬಳ್ಳಾಪುರದ ಸಭಾಭವನವೊಂದರಲ್ಲಿ ಗಾಳಿ ತುಂಬಿದ ಗುಮ್ಮಟ ನಿಲ್ಲಿಸಿ ನಡೆಸಿದ ಸಂಚಾರಿ ತಾರಾಲಯದ ಕನ್ನಡ ಪ್ರದರ್ಶನದಲ್ಲಿ ಗ್ರಹ, ರಾಶಿಗಳ ಮಾಮೂಲಿ ಭಾಗ ಬೇಗನೆ ಮುಗಿಯುತ್ತದೆ. ಟಿಕೆಟಿನ ಹಣ ಸಾರ್ಥಕವೆನಿಸುವುದು ಇಂಧನ ತೀರಿದ ನಕ್ಷತ್ರಗಳ ದಟ್ಟ ಅವಶೇಷಗಳಾದ ಶ್ವೇತ ಕುಬ್ಜಗಳನ್ನು ಕುರಿತ ಉತ್ತರಾರ್ಧದಲ್ಲಿ.

ಇಂಥ ಕಡೆ ಸಾಮಾನ್ಯವಾಗಿ ಹೇಳುವುದು ಒಂದೇ ಕಥೆ: ಜೋಡಿ ನಕ್ಷತ್ರದಿಂದ ಅನಿಲ ಸೆಳೆದುಕೊಂಡು ಬೆಳೆಯುವ ಶ್ವೇತ ಕುಬ್ಜವು ಚಂದ್ರಶೇಖರ್ ಮಿತಿಯನ್ನು, ಅಂದರೆ ಸೂರ್ಯನ ದ್ರವ್ಯರಾಶಿಯ ಸುಮಾರು 1.4 ಪಟ್ಟನ್ನು, ಸಮೀಪಿಸಿದಾಗ ಸಿಡಿದು ಚೂರಾಗುತ್ತದೆ. ಇಲ್ಲಿನ ನಿರೂಪಕರು ಅಷ್ಟಕ್ಕೇ ನಿಲ್ಲದೆ, ಸಿಡಿತವೋ ಕುಸಿತವೋ ಎಂಬುದು ಆ ಕುಬ್ಜ ಯಾವ ಧಾತುಗಳಿಂದ ಆಗಿದೆ ಎಂಬುದನ್ನು ಬಹುಮಟ್ಟಿಗೆ ಅವಲಂಬಿಸಿದೆ ಎಂದು ವಿವರಿಸಿದರು. ಇಂಗಾಲ ಮತ್ತು ಆಮ್ಲಜನಕದ ಕುಬ್ಜದಲ್ಲಿ ಇಂಗಾಲ ಹೊತ್ತಿಕೊಂಡು ಇಡೀ ನಕ್ಷತ್ರವೇ ಸ್ಫೋಟಿಸಬಹುದು. ಆಮ್ಲಜನಕ ಮತ್ತು ನಿಯಾನ್‌ನಿಂದಾದ, ಒಂದಿಷ್ಟು ಮೆಗ್ನೀಸಿಯಂ ಬೆರೆತ ಕುಬ್ಜದಲ್ಲಾದರೋ, ಒಡಲಿನ ಸಾಂದ್ರತೆ ಏರಿದಂತೆ ಮೊದಲು ಮೆಗ್ನೀಸಿಯಂ, ಅನಂತರ ನಿಯಾನ್ ಪರಮಾಣುಗಳ ನ್ಯೂಕ್ಲಿಯಸ್‌ಗಳು ಎಲೆಕ್ಟ್ರಾನ್‌ಗಳನ್ನು ನುಂಗತೊಡಗುತ್ತವೆ. ನಕ್ಷತ್ರದ ಭಾರವನ್ನು ಹೊತ್ತಿದ್ದುದೇ ಆ ಎಲೆಕ್ಟ್ರಾನ್‌ಗಳ ಒತ್ತಡವಾದ್ದರಿಂದ, ಕಂಬಗಳನ್ನು ಒಂದೊಂದಾಗಿ ಕಿತ್ತ ಮಂಟಪದಂತೆ ಅದು ಕುಸಿದು, ಭೂಮಿಯಷ್ಟು ಗಾತ್ರದ ಕಾಯವು ಇಪ್ಪತ್ತು, ಇಪ್ಪತ್ತೈದು ಕಿಲೋಮೀಟರ್ ವ್ಯಾಸದ, ಬಹುಪಾಲು ನ್ಯೂಟ್ರಾನ್‌ಗಳಿಂದಾದ ಅತಿ ದಟ್ಟ ನ್ಯೂಟ್ರಾನ್ ನಕ್ಷತ್ರವಾಗಬಲ್ಲದು. ಹೈಸ್ಕೂಲು ಮಕ್ಕಳಿಗೂ ಎಟುಕುವಂತೆ ಇದನ್ನು ಹೇಳುವುದು ಸುಲಭವಲ್ಲ; ಆದರೂ ನಿರೂಪಕರು ಹಾಗೆ ಹೇಳಿದರು.

ಕೊರತೆ ಇರುವುದು ದೃಶ್ಯದಲ್ಲಿ. ಕುಸಿತವನ್ನು ಗುಮ್ಮಟ ತುಂಬುವ ಬೆಳಕಿನಿಂದಲೂ ಕಿವಿಗಡಚಿಕ್ಕುವ ಸದ್ದಿನಿಂದಲೂ (ವ್ಯೋಮದಲ್ಲಿ ಸದ್ದೆಲ್ಲಿಯದು?) ತೋರಿಸಿದ್ದಾರೆ. ಲೆಕ್ಕಾಚಾರಗಳ ಪ್ರಕಾರ ಇಂಥ ಘಟನೆಯಲ್ಲಿ ಹೊರಚಿಮ್ಮುವ ವಸ್ತು ಅಲ್ಪ, ಬೆಳಕು ಸಾಮಾನ್ಯ ಸೂಪರ್‌ನೋವಾದ (ನಕ್ಷತ್ರ ಸ್ಫೋಟದ) ಬೆಳಕಿಗಿಂತ ಮಂದ ಮತ್ತು ಅಲ್ಪಾಯು. ಶಕ್ತಿಯ ಬಹುಪಾಲು, ವಸ್ತುವಿನೊಡನೆ ಬಹುತೇಕ ಬೆರೆಯದ ಸೂಕ್ಷ್ಮ ಕಣಗಳಾದ ನ್ಯೂಟ್ರಿನೊಗಳೊಡನೆ ಹೊರಟುಹೋಗುತ್ತದೆ. ಇಂಥ ಒಂದು ಕುಸಿತವನ್ನೂ ಇದುವರೆಗೆ ಖಚಿತವಾಗಿ ಗುರುತಿಸಲಾಗಿಲ್ಲ ಎಂಬ ಮುಖ್ಯ ಸಂಗತಿಯನ್ನಾಗಲಿ, ಆಮ್ಲಜನಕ ಉರಿದು ಕುಸಿತದ ಬದಲು ಭಾಗಶಃ ಸ್ಫೋಟವೂ ಆಗಬಹುದೆಂಬ ಚರ್ಚೆಯನ್ನಾಗಲಿ ಪ್ರದರ್ಶನ ಮುಟ್ಟುವುದಿಲ್ಲ. ನೋಡಿದವರು ಇದನ್ನು ಕಣ್ಣಾರೆ ಕಂಡ ಸಂಗತಿಯೆಂದೇ ನಂಬಿ ಮನೆಗೆ ಹೋಗುತ್ತಾರೆ.

ಕೊನೆಯ ಪ್ರಶ್ನೋತ್ತರ ಈ ದೋಷವನ್ನು ಕೊಂಚ ತಿದ್ದಿತು. ಪುರಾವೆಯೇನೆಂದು ಒಬ್ಬ ವಿದ್ಯಾರ್ಥಿನಿ ಕೇಳಿದಾಗ, ಸಾಮಾನ್ಯವಾಗಿ ನ್ಯೂಟ್ರಾನ್ ನಕ್ಷತ್ರಗಳನ್ನು ಹುಟ್ಟಿಸುವ ಭಾರೀ ನಕ್ಷತ್ರಗಳೆಲ್ಲ ಎಂದೋ ಸತ್ತುಹೋಗಿರುವ ಮುದಿ ಗೋಳಾಕಾರದ ನಕ್ಷತ್ರಗುಚ್ಛಗಳಲ್ಲಿ ಎಳೆಯವೆಂದು ತೋರುವ ಕೆಲವು ಪಲ್ಸಾರ್‌ಗಳು, ಅಂದರೆ ತಿರುಗುತ್ತ ಮಿಡಿಯುವ ನ್ಯೂಟ್ರಾನ್ ನಕ್ಷತ್ರಗಳು, ಇರುವುದನ್ನು ನಿರೂಪಕರು ಪರೋಕ್ಷ ಸುಳಿವಾಗಿ ಹೇಳಿದರು. ಪಲ್ಸಾರ್‌ಗಳನ್ನು 34.5 ಮೆಗಾಹರ್ಟ್ಸ್ ಆವರ್ತನದಲ್ಲಿ ಗಮನಿಸಿದ ರೇಡಿಯೊ ದೂರದರ್ಶಕ ಇದೇ ಜಿಲ್ಲೆಯ ಗೌರಿಬಿದನೂರಿನಲ್ಲಿರುವಾಗ, ಅದರ ಹೆಸರನ್ನೇ ಎತ್ತದಿದ್ದುದು ಮಾತ್ರ ಸರಿಯೆನಿಸಲಿಲ್ಲ.