ಬೀಗದ ವಾರ್ಡಿನೊಳಗಿನ ಸೆನ್ಸರಿ ಕೋಣೆ: ತಮ್ಮನಿಗೆ ಸಿಕ್ಕ ಆಕ್ಯುಪೇಷನಲ್ ಥೆರಪಿ ಹೇಗಿತ್ತು

ನಮ್ಮ ಕರಾವಳಿಯಿಂದ ಮನಸ್ಸಿನ ಕಾಯಿಲೆಗೆ ಅಂತ ಘಟ್ಟ ಹತ್ತುವ ಮನೆಗಳು ಬೇಕಾದಷ್ಟಿವೆ. ಯಾರೂ ಹೇಳಿಕೊಳ್ಳುವುದಿಲ್ಲ, ಅಷ್ಟೇ. ಡಾಕ್ಟರು ಹೇಗೆ, ಬಿಲ್ ಎಷ್ಟಾಯಿತು ಅಂತ ಕೇಳಿದರೆ ಮೆತ್ತಗೆ ಹೇಳುವವರು ಸಿಗುತ್ತಾರೆ. ಆದರೆ ಬೀಗ ಹಾಕಿದ ವಾರ್ಡಿನೊಳಗೆ ದಿನವಿಡೀ ಏನು ಮಾಡಿಸುತ್ತಾರೆ ಅಂತ ಹೇಳುವವರಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಆಸ್ಪತ್ರೆಯ ಹೆಸರು ಹಾಕುವುದಿಲ್ಲ. ಹಾಕಿದರೆ ತಮ್ಮನ ಗುರುತು ಊರಲ್ಲಿ ಬೇಗ ಸಿಕ್ಕಿಬಿಡುತ್ತದೆ. ಆದರೂ ನೀವು ಯಾವ ಆಸ್ಪತ್ರೆಗೆ ಹೋದರೂ ಏನು ಕೇಳಬೇಕು ಅನ್ನುವುದು ಇದರಲ್ಲಿ ಸಿಗುತ್ತದೆ.

ನನ್ನ ಲೆಕ್ಕದಲ್ಲಿ ಅಲ್ಲಿನ ಸೆನ್ಸರಿ ಕೋಣೆಗೆ, ಅಂದರೆ ಬೆಳಕು, ಸ್ಪರ್ಶ, ಭಾರ, ವಾಸನೆಗಳಿಂದ ತಳಮಳ ಇಳಿಸಲು ಇಟ್ಟ ಕೋಣೆಗೆ, ಐದಕ್ಕೆ ಮೂರು. ಅದನ್ನು ನಡೆಸುವ ಆಕ್ಯುಪೇಷನಲ್ ಥೆರಪಿಸ್ಟ್, ಅಂದರೆ ದಿನದ ಕೆಲಸ, ಚಟುವಟಿಕೆಗಳ ಮೂಲಕ ಚಿಕಿತ್ಸೆ ಕೊಡುವ ಮೇಡಂಗೆ ಐದಕ್ಕೆ ಐದು.

ತಮ್ಮ ತದಡಿಯಲ್ಲಿ ಬೋಟಿಗೆ ಹೋಗುತ್ತಿದ್ದವನು. ಬಲೆ ಎಳೆದು ಎಳೆದು ಬೆಳೆದ ಮೈ. ಅಂಥವನನ್ನು ಮುಚ್ಚಿದ ವಾರ್ಡಿಗೆ ಹಾಕಿದರೆ ಏನಾಗುತ್ತದೆ ಹೇಳಿ? ಬೆಲ್ಟು, ಶೂ ಲೇಸು, ಚಾರ್ಜರ್ ವಯರು ಒಳಗೆ ಹೋಗುವಂತಿಲ್ಲ. ಅದು ಸರಿಯೇ, ಜೀವದ ಪ್ರಶ್ನೆ. ಆದರೆ ಟ್ಯೂಬ್‌ಲೈಟು ರಾತ್ರಿಯೂ ಉರಿಯುತ್ತದೆ. ಕಬ್ಬಿಣದ ಬಾಗಿಲು ಧಡಾರೆಂದು ಬೀಳುತ್ತದೆ. ಸ್ಟೀಲ್ ತಟ್ಟೆಗಳ ಸದ್ದು, ಟಿವಿ, ಪಕ್ಕದವರ ಕೂಗು, ಮೂಗಿಗೆ ಹೊಡೆಯುವ ಫಿನಾಯಿಲು. ಮೈಗೆ ಮಾತ್ರ ಮಾಡಲು ಏನೂ ಇಲ್ಲ. ನೋಡಲು ಹೋದಾಗ ಅವನು ಹೇಳಿದ್ದು ಒಂದೇ ಮಾತು: "ಅಕ್ಕಾ, ಇಲ್ಲಿ ಕೈಗೆ ಎಂಥದೂ ಇಲ್ಲ."

ಆ ಮೇಡಂ ಮೊದಲ ಭೇಟಿಯಲ್ಲೇ ನನ್ನನ್ನು ಕೂರಿಸಿಕೊಂಡು ಕೇಳಿದರು: "ನಿಮ್ಮ ತಮ್ಮಗ ಯಾವ ಸಪ್ಪಳ ಸಹಿಸಾಕ ಆಗೂದಿಲ್ರೀ ಅಕ್ಕಾರ? ಸಿಟ್ಟು ಬರೂಕಿಂತ ಮೊದ್ಲು ಏನ್ ಮಾಡ್ತಾರ?" ಇಷ್ಟು ವರ್ಷದಲ್ಲಿ ಇದನ್ನು ಯಾರೂ ಕೇಳಿರಲಿಲ್ಲ. ಎಷ್ಟು ಹೊತ್ತಿಗೆ ಮಾತ್ರೆ, ಎಷ್ಟು ಗಂಟೆ ನಿದ್ದೆ, ಯಾರ ಮೇಲೆ ಕೈ ಮಾಡಿದ ಅಂತ ಮಾತ್ರ ಕೇಳುತ್ತಿದ್ದರು. ಸಿಟ್ಟಿಗೆ ಮೊದಲು ಅವನು ಕಿವಿ ಹಾಲೆ ಉಜ್ಜಿಕೊಳ್ಳುತ್ತಾನೆ. ಆಯಿಗೂ (ನಮ್ಮ ಅಮ್ಮ) ನನಗೂ ಅದು ಮೊದಲೇ ಗೊತ್ತಿತ್ತು. ಅದರಿಂದ ಉಪಯೋಗ ಉಂಟು ಅಂತ ಗೊತ್ತಿರಲಿಲ್ಲ.

ಆಮೇಲೆ ತಮ್ಮನ ಜೊತೆ ಕೂತು 60 ಪ್ರಶ್ನೆಗಳ ಒಂದು ಫಾರ್ಮು ತುಂಬಿಸಿದರು. ಬ್ರೌನ್ ಮತ್ತು ಡನ್ ಎಂಬ ಅಮೆರಿಕದ ಇಬ್ಬರು ಥೆರಪಿಸ್ಟುಗಳು ಮಾಡಿದ್ದು, ದೊಡ್ಡವರಿಗೆ ಮತ್ತು ಹರೆಯದವರಿಗೆ. ಮೇಡಂ ಒಂದೊಂದೇ ಪ್ರಶ್ನೆಯನ್ನು ಕನ್ನಡದಲ್ಲಿ ಬಾಯಲ್ಲೇ ಕೇಳಿದರು. ಅವನಿಗೆ ಸುಸ್ತಾದರೆ ಉಳಿದದ್ದು ಮರುದಿನಕ್ಕೆ. ಸದ್ದು, ಸ್ಪರ್ಶ, ವಾಸನೆಯಂಥದ್ದು ಯಾರಿಗೆ ಹೇಗೆ ತಟ್ಟುತ್ತದೆ ಅಂತ ಅದರಲ್ಲಿ ನಾಲ್ಕು ನಮೂನೆ ನೋಡುತ್ತಾರೆ. ಕೆಲವರಿಗೆ ಸುತ್ತಲಿನದು ಅರಿವಿಗೇ ಬರುವುದಿಲ್ಲ. ಕೆಲವರು ಸದ್ದು, ಸ್ಪರ್ಶ, ಓಡಾಟವನ್ನು ಹುಡುಕಿಕೊಂಡು ಹೋಗುತ್ತಾರೆ. ಕೆಲವರಿಗೆ ಸ್ವಲ್ಪ ಇದ್ದರೂ ಜಾಸ್ತಿ ಅನಿಸುತ್ತದೆ, ಇನ್ನು ಕೆಲವರು ಅದರಿಂದ ದೂರ ಓಡುತ್ತಾರೆ. ಒಬ್ಬನೇ ಮನುಷ್ಯನಲ್ಲಿ ಎರಡು ಮೂರು ಸೇರಿರಬಹುದು. ನಮ್ಮವನಿಗೆ ಸದ್ದು, ವಾಸನೆ ತಡೆಯುವುದಿಲ್ಲ. ಆದರೆ ಎಳೆಯುವುದು, ತಳ್ಳುವುದು, ಭಾರ ಹೊರುವುದು ಬೇಕೇ ಬೇಕು. ಕೀಲಿಗೂ ಸ್ನಾಯುವಿಗೂ ಬೀಳುವ ಈ ಒತ್ತಡವೇ ಕೆಲವರ ಮೈಯನ್ನು ಹದಕ್ಕೆ ತರುತ್ತದೆ ಅಂತ ಮೇಡಂ ವಿವರಿಸಿದರು. ಎ. ಜೀನ್ ಏರ್ಸ್ ಎಂಬ ಅಮೆರಿಕದ ಆಕ್ಯುಪೇಷನಲ್ ಥೆರಪಿಸ್ಟ್ 1960-70ರ ದಶಕಗಳಲ್ಲಿ ಮಕ್ಕಳ ಜೊತೆ ಕೆಲಸ ಮಾಡುತ್ತಾ ಈ ದಾರಿ ಹಾಕಿದ್ದಂತೆ. ಮಾನಸಿಕ ವಾರ್ಡುಗಳಿಗೆ ಅದು ಬಂದದ್ದು ಆಮೇಲೆ.

ಕೋಣೆಯ ವಿಷಯಕ್ಕೆ ಬರುತ್ತೇನೆ. ಚಿಕ್ಕ ಕೋಣೆ, ಮಂದ ಹಳದಿ ಬೆಳಕು, ನೆಲಕ್ಕೆ ದಪ್ಪ ಮ್ಯಾಟು, ಒಂದು ಭಾರದ ಕುರ್ಚಿ, ಹಿಂಡಲು ಚೆಂಡುಗಳು. ಮೂಲೆಯಲ್ಲಿ ಬಣ್ಣದ ಗುಳ್ಳೆ ಏಳುವ ಎತ್ತರದ ಕೊಳವೆ. ನೋಡಲು ಬಂದವರು ಮೊದಲು ಅದರ ಫೋಟೋನೇ ತೆಗೆಯುತ್ತಾರೆ. ಅದರ ಮೋಟಾರಿನ ಗುಂಯ್ ಸದ್ದಿಗೆ ತಮ್ಮ ಎದ್ದು ಹೊರಗೆ ಬಂದ. ಮೇಡಂ ಒತ್ತಾಯ ಮಾಡಲಿಲ್ಲ, ಸ್ವಿಚ್ಚು ಆರಿಸಿದರು. ಅದಕ್ಕೆ ಸುರಿದ ದುಡ್ಡಿನಲ್ಲಿ ಇನ್ನೊಬ್ಬ ಥೆರಪಿಸ್ಟರಿಗೆ ಕೆಲವು ತಿಂಗಳ ಸಂಬಳ ಕೊಡಬಹುದಿತ್ತು ಅಂತ ನನಗನಿಸಿತು.

ಅವನಿಗೆ ಹಿಡಿಸಿದ್ದು ಭಾರದ ಚಾದರ. ನಾನು ಕುಮಟೆಯಲ್ಲಿ ಬ್ಲೌಸು, ಚೂಡಿದಾರ ಹೊಲಿಯುವವಳು. ಹಾಗಾಗಿ ಕೈಗೆ ಸಿಕ್ಕ ಕೂಡಲೇ ತಿರುಗಿಸಿ ಹೊಲಿಗೆ ನೋಡಿದೆ. ಇಡೀ ಚಾದರವನ್ನು ಅಂಗೈ ಅಗಲದ ಚೌಕಗಳಾಗಿ ಹೊಲಿದಿದ್ದಾರೆ. ಪ್ರತಿ ಚೌಕದೊಳಗೂ ಒಂದಿಷ್ಟು ಪ್ಲಾಸ್ಟಿಕ್ ಕಾಳು. ಚೌಕ ದೊಡ್ಡದಾದರೆ ಕಾಳೆಲ್ಲ ಒಂದು ಕಡೆ ಜಾರಿ ಗಂಟಾಗುತ್ತದೆ, ಆಗ ಭಾರ ಸಮವಾಗಿ ಕೂರುವುದಿಲ್ಲ. ಅಂಚಿಗೆ ಎರಡು ಸಾಲು ಹೊಲಿಗೆ. ಎಲ್ಲೂ ಲಾಡಿ ಇಲ್ಲ, ಜಿಪ್ ಇಲ್ಲ, ಬಿಚ್ಚಿಕೊಂಡ ದಾರ ಇಲ್ಲ. ಆ ವಾರ್ಡಿನಲ್ಲಿ ಹಾಗೇ ಇರಬೇಕು. ಹೊರಗವಸು ಬೇರೆ, ಬಿಚ್ಚಿ ಒಗೆಯಬಹುದು. ಕೆಲಸ ಅಚ್ಚುಕಟ್ಟಾಗಿತ್ತು.

ಎಷ್ಟು ಭಾರ ಬೇಕು ಅಂತ ಕೇಳಿದೆ. ಮೈತೂಕದ ಹತ್ತನೇ ಒಂದು ಪಾಲಿನ ಆಸುಪಾಸಿನಲ್ಲಿ ಶುರು ಮಾಡುವ ರೂಢಿ ಇದೆ, ಆದರೆ ಅದು ನಿಯಮ ಅಲ್ಲ ಅಂದರು. ಹೊದ್ದವನು ತನ್ನ ಕೈಯಿಂದಲೇ ತೆಗೆದು ಹಾಕುವಂತಿರಬೇಕು, ಇದು ಮುಖ್ಯ. ಉಬ್ಬಸ, ಫಿಟ್ಸ್, ರಕ್ತ ಓಡಾಟದ ತೊಂದರೆ ಇದ್ದವರಿಗೆ ಡಾಕ್ಟರನ್ನು ಕೇಳದೆ ಹೊದಿಸಲೇಬಾರದು. ಬೇಡ ಅಂದವರ ಮೇಲೆ ಹಾಕಿದರೆ ಅದು ಕಟ್ಟಿಹಾಕಿದ ಹಾಗೇ ಆಗುತ್ತದೆ, ಚಿಕಿತ್ಸೆ ಆಗುವುದಿಲ್ಲ. 2020ರಲ್ಲಿ ಸ್ವೀಡನ್ನಿನವರು ಮಾನಸಿಕ ಕಾಯಿಲೆ ಜೊತೆ ನಿದ್ದೆಯ ತೊಂದರೆಯೂ ಇದ್ದ 120 ಜನರ ಮೇಲೆ ಪರೀಕ್ಷೆ ಮಾಡಿ ಪ್ರಕಟಿಸಿದ್ದಾರೆ. ಹಗುರ ಹೊದಿಕೆ ಸಿಕ್ಕವರಿಗಿಂತ ಭಾರದ್ದು ಸಿಕ್ಕವರ ನಿದ್ದೆ ನಾಲ್ಕು ವಾರದಲ್ಲಿ ಚೆನ್ನಾಗಿ ಸುಧಾರಿಸಿತ್ತು.

ವಾಸನೆಯ ವಿಷಯ ಬರೆಯಲೇಬೇಕು. ಅಲ್ಲಿ ಲ್ಯಾವೆಂಡರ್ ಎಣ್ಣೆ ಇತ್ತು. ತಮ್ಮ ಮುಖ ಕಿವುಚಿದ. "ಮನೀಂದ ಅವರಿಗೆ ಇಷ್ಟ ಆಗೋದು ಏನರ ತರ್ರಿ" ಅಂದರು ಮೇಡಂ. ಆಯಿ ಟ್ರಂಕಿನಲ್ಲಿ ಸೀರೆ ನಡುವೆ ಇಟ್ಟಿದ್ದ ಒಣ ಸುರಗಿ ಮಾಲೆ ಕೊಟ್ಟಳು. ಸುರಗಿ ಒಣಗಿದರೂ ಪರಿಮಳ ಬಿಡುವುದಿಲ್ಲ, ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಆದರೆ ಮಾಲೆ ಅಂದರೆ ದಾರ. ಬಾಗಿಲಲ್ಲೇ ಸಿಸ್ಟರ್ ತಡೆದರು. ನಾನು ವಾದ ಮಾಡಲು ಬಾಯಿ ತೆರೆಯುವಷ್ಟರಲ್ಲಿ ಅವರೇ ಕತ್ತರಿ ತಂದು, ದಾರ ಎಳೆದು ತೆಗೆದು, ಒಂದೊಂದೇ ಹೂವನ್ನು ಹತ್ತಿಬಟ್ಟೆಯ ಪುಟ್ಟ ಚೀಲಕ್ಕೆ ಹಾಕಿ ಬಾಯಿ ಹೊಲಿದು ಕೊಟ್ಟರು. ಜೋಪಾನವೂ ಆಯಿತು, ಅವನಿಗೆ ಬೇಕಾದ್ದೂ ಸಿಕ್ಕಿತು. ಊಟದ ಹೊತ್ತಿಗೆ ಫಿನಾಯಿಲು ವಾಸನೆ ಎದ್ದರೆ ಅವನು ಆ ಚೀಲವನ್ನು ಮೂಗಿಗೆ ಹಿಡಿಯುತ್ತಿದ್ದ.

ಇಡೀ ಸೇವೆಯಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದು ಅಂತ ಕಂಡದ್ದು ಒಂದು ಕಾರ್ಡು. ತಮ್ಮ ಹೇಳಿದ್ದು, ಮೇಡಂ ಬರೆದದ್ದು. ಕಿವಿ ಉಜ್ಜಿಕೊಳ್ಳುತ್ತಿದ್ದರೆ ನನಗೆ ಕಷ್ಟ ಆಗುತ್ತಿದೆ. ಟಿವಿ ಸಣ್ಣ ಮಾಡಿ. ಗೋಡೆ ತಳ್ಳಲು ಬಿಡಿ, ಇಲ್ಲಾ ಚಾದರ ಕೊಡಿ. ಕೊನೆಯ ಸಾಲು: "ಹಿಂದಿನಿಂದ ಬಂದು ಭುಜ ಮುಟ್ಟಬೇಡಿ." ಅದನ್ನು ಓದಿ ನನ್ನ ಗಂಟಲು ಕಟ್ಟಿತು. ಯಾಕೆಂದರೆ ಇದಕ್ಕೂ ಮೊದಲು ಬೇರೆ ಒಂದು ಕಡೆ ಸೇರಿಸಿದ್ದಾಗ, ಅವನು ಕೂಗಾಡಿದ ಅಂತ ಹಿಂದಿನಿಂದಲೇ ಹಿಡಿದು ಮಂಚಕ್ಕೆ ಕಟ್ಟಿದ್ದರು. ಮಣಿಕಟ್ಟಿನ ಗುರುತು ನಾನೇ ಕಣ್ಣಾರೆ ನೋಡಿದ್ದೆ. ಆಗ ಕಾನೂನು ಗೊತ್ತಿರಲಿಲ್ಲ. ಈಗ ಗೊತ್ತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2018ರ ಮೇ ತಿಂಗಳಿಂದ ಜಾರಿಯಲ್ಲಿದೆ. ರೋಗಿಯನ್ನು ಒಂಟಿಯಾಗಿ ಕೂಡಿಹಾಕುವಂತಿಲ್ಲ. ಸರಪಳಿಯಂತೂ ಯಾವ ರೂಪದಲ್ಲೂ ಇಲ್ಲ. ಕಟ್ಟುವುದು ಅಂದರೆ ಆ ಕ್ಷಣದ ಅಪಾಯ ತಪ್ಪಿಸಲು ಬೇರೆ ದಾರಿಯೇ ಇಲ್ಲದಾಗ, ಅದೂ ಉಸ್ತುವಾರಿ ಮನೋವೈದ್ಯರ ಅನುಮತಿ ಇದ್ದರೆ ಮಾತ್ರ. ಹಾಗಾದರೆ ಅದಕ್ಕೂ ಮೊದಲು ಕೈಗೆ ಏನು ಕೊಡುತ್ತೀರಿ? ಆ ಕಾರ್ಡು, ಆ ಚಾದರ, ಆ ಗೋಡೆ ಇದಕ್ಕೆ ಉತ್ತರ.

ಇದು ಮಾಯಾಜಾಲ ಅಲ್ಲ, ಅದನ್ನೂ ಹೇಳಬೇಕು. ಸೆನ್ಸರಿ ಕೋಣೆಯಲ್ಲಿ ಕೂತ ಮೇಲೆ ತಳಮಳ ಕಡಿಮೆಯಾಯಿತು ಅಂತ ರೋಗಿಗಳೇ ಹೇಳಿದ ಅಧ್ಯಯನಗಳು ಸಾಕಷ್ಟಿವೆ. ಆದರೆ ಕಟ್ಟುವುದು, ಕೂಡಿಹಾಕುವುದು ವಾರ್ಡಿನಲ್ಲಿ ಕಡಿಮೆ ಆಗುತ್ತದೆಯೇ ಅನ್ನುವುದಕ್ಕೆ ಬೇರೆ ಬೇರೆ ದೇಶಗಳ ಫಲಿತಾಂಶ ಒಂದೇ ಥರ ಇಲ್ಲ. ಮಾತ್ರೆಯಂತೂ ನಿಲ್ಲಿಸುವ ಹಾಗಿಲ್ಲ. ಒಂದು ಸಲ ತಮ್ಮ ಕೂತಲ್ಲಿ ಕೂರಲಾರದೆ ಕಾಲು ಆಡಿಸುತ್ತಾ ಕಾರಿಡಾರ್ ತುಂಬ ಓಡಾಡುತ್ತಿದ್ದ. ನನಗೆ ಹಳೆಯ ತಳಮಳವೇ ಅನಿಸಿತು. ಮೇಡಂ ಚಾದರ ಕೊಡಲಿಲ್ಲ, ನೇರ ಡಾಕ್ಟರಿಗೆ ಹೇಳಿದರು. ಮಾತ್ರೆಯಿಂದಲೇ ಹಾಗೆ ಆಗುವುದುಂಟಂತೆ. ಮಾತ್ರೆ ಬದಲಾಯಿಸಿದ ಮೇಲೆ ಇಳಿಯಿತು. ಎಲ್ಲದಕ್ಕೂ ತನ್ನ ಚಿಕಿತ್ಸೆಯನ್ನೇ ತುರುಕದ ಥೆರಪಿಸ್ಟ್ ಸಿಗುವುದು ಭಾಗ್ಯ.

ಹಾಗಾದರೆ ಎರಡು ಅಂಕ ಯಾಕೆ ಕಡಿದೆ? ಕೀಲಿ ಮೇಡಂ ಹತ್ತಿರ ಮಾತ್ರ ಇತ್ತು. ಸಂಜೆ ಅವರು ಹೊರಟರೆ ಕೋಣೆಗೆ ಬೀಗ, ಭಾನುವಾರ ಪೂರ್ತಿ ಬೀಗ. ತಮ್ಮನಿಗೆ ಕಷ್ಟ ಜಾಸ್ತಿ ಆಗುತ್ತಿದ್ದದ್ದೇ ರಾತ್ರಿ. ಸಿಸ್ಟರುಗಳಿಗೆ ಮನಸ್ಸಿತ್ತು, ಕಲಿಸಿಕೊಡುವ ವ್ಯವಸ್ಥೆ ಇರಲಿಲ್ಲ. ಇನ್ನೊಂದು ಕೊರತೆ, ಡಿಸ್ಚಾರ್ಜ್ ಚೀಟಿಯಲ್ಲಿ ಮಾತ್ರೆ ಬಿಟ್ಟು ಬೇರೇನೂ ಇರಲಿಲ್ಲ. ಕಾರ್ಡಿನ ಒಂದು ಪ್ರತಿ ಕೊಡಿ ಅಂತ ನಾನೇ ಕೇಳಿ ತಂದೆ.

ಊರಿಗೆ ಬಂದ ಮೇಲೆ ಮುಂದುವರಿಸಿದ್ದು ನಾವೇ. ಕರಾವಳಿಯ ಸೆಕೆಯಲ್ಲಿ ಭಾರದ ಚಾದರ ಏಪ್ರಿಲ್-ಮೇನಲ್ಲಿ ಹೊದೆಯಲಾಗುವುದಿಲ್ಲ. ಫೋನಿನಲ್ಲಿ ಮೇಡಂನ್ನು ಕೇಳಿ, ತೊಡೆಯ ಮೇಲೆ ಇಟ್ಟುಕೊಳ್ಳುವಂಥ ಸಣ್ಣ ಮೆತ್ತೆ ಹೊಲಿದೆ, ಎರಡು ಕಿಲೋದ್ದು. ನೀವು ಹೊಲಿಯುವುದಾದರೆ ಅಕ್ಕಿ, ಹುರುಳಿ ತುಂಬಬೇಡಿ. ನಮ್ಮ ಮಳೆಗಾಲದ ಥಂಡಿಗೆ ಬೂಸ್ಲು ಹಿಡಿದು ಹುಳ ಬೀಳುತ್ತದೆ. ಪ್ಲಾಸ್ಟಿಕ್ ಕಾಳೇ ಒಳ್ಳೆಯದು.

ಬೋಟು ಹೊರಟರೆ ಅವನಿಗೆ ಬೇಕಾದ ಎಳೆತ ಸಿಗುತ್ತದೆ. ತೊಂದರೆ ಬಂದದ್ದು ಜೂನ್ 1ರಿಂದ ಜುಲೈ 31ರ ತನಕ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುವ 61 ದಿನ. ಹೊರಗೆ ಮಳೆ, ಮನೆಯೊಳಗೆ ಕತ್ತಲೆ, ಕೈಗೆ ಕೆಲಸ ಇಲ್ಲ. ವಾರ್ಡಿನ ಕಥೆಯೇ ಮತ್ತೆ. ಈ ಬಾರಿ ಅದಕ್ಕೆ ಮೊದಲೇ ತಯಾರಾದೆವು. ಆಯಿ ಮಿಕ್ಸಿ ಬದಿಗಿಟ್ಟು ಮೀನು ಸಾರಿನ ಮಸಾಲೆಯನ್ನು ಒರಳಲ್ಲಿ ಕಡೆಯುವ ಕೆಲಸ ಅವನಿಗೆ ಕೊಟ್ಟಳು. ಭಾರವೂ ಹೌದು, ಒಂದೇ ಲಯವೂ ಹೌದು. ಮಧ್ಯಾಹ್ನ ಹರಿದ ಬಲೆ ರಿಪೇರಿ. ನಾವು ಟಿವಿ ಸಣ್ಣ ಮಾಡುವುದನ್ನು ಕಲಿತೆವು. ಕಿವಿ ಉಜ್ಜಿಕೊಂಡರೆ ಯಾರೂ "ಎಂತ ಆಯ್ತಾ" ಅಂತ ಹತ್ತಿರ ಮುಗಿಬೀಳುವುದಿಲ್ಲ.

ಸೇರಿಸುವ ಮೊದಲು ಆಸ್ಪತ್ರೆಯಲ್ಲಿ ಇಷ್ಟು ಕೇಳಿ: ಆಕ್ಯುಪೇಷನಲ್ ಥೆರಪಿಸ್ಟ್ ಇದ್ದಾರಾ, ವಾರದಲ್ಲಿ ಎಷ್ಟು ದಿನ, ರಾತ್ರಿ ಕೀಲಿ ಯಾರ ಹತ್ತಿರ, ಮನೆಗೆ ಹೋಗುವಾಗ ಬರೆದು ಕೊಡುತ್ತಾರಾ. ಸುಮ್ನೆ ಕೋಣೆ ತೋರಿಸಿದರೆ ಒಪ್ಪಬೇಡಿ. ಮಾತಾಡಲು ಯಾರೂ ಸಿಗದಿದ್ದರೆ ಮನಸ್ಸಿನ ತೊಂದರೆಗೆ ಅಂತಲೇ ಇರುವ ಸರಕಾರದ ಸಹಾಯವಾಣಿ ಟೆಲಿ ಮಾನಸ್ 14416 ಇದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಆ ಆಸ್ಪತ್ರೆಯವರು ಇದನ್ನು ಓದಿದರೆ ನನ್ನ ಕೋರಿಕೆ ಒಂದೇ. ರಾತ್ರಿ ಪಾಳಿಯ ಇಬ್ಬರು ಸಿಸ್ಟರುಗಳಿಗೆ ಈ ಕೆಲಸ ಕಲಿಸಿ, ಕೀಲಿ ಅವರ ಕೈಗೆ ಕೊಡಿ. ಉಳಿದ ಎರಡು ಅಂಕ ಅವತ್ತೇ ಹಾಕುತ್ತೇನೆ.